ನಡುವೆ ಬಂದು ಹೋದವರು

ಎಲ್ಲಕ್ಕೂ ಮೂಲ ಒಂದು ಗುಂಡಿ. ಅಂಗಿಯ ಗುಂಡಿಯಲ್ಲ, ಮನೆ ಬಾಗಿಲ ಪಕ್ಕದ ಕರೆಗಂಟೆಯ ಗುಂಡಿ. ಯಾರೂ ಒತ್ತದಿದ್ದರೂ ಒಳಗೆ ಗಂಟೆ 'ಟಿಣ್ ಟೊಣ್' ಅನ್ನುತ್ತಿತ್ತು.

ಆ ದಿನ ಬೆಳಿಗ್ಗೆಯೂ ಅಂದಿತು. ಬೆಲ್ಲಣ್ಣ ಆಗ ಬಚ್ಚಲುಮನೆಯಲ್ಲಿ ಅರ್ಧ ಗಡ್ಡ ಹೆರೆದುಕೊಂಡು ನಿಂತಿದ್ದ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಪಾಳಿಗೆ ಹೋಗಿಯಾಗಿತ್ತು. ಬಾಗಿಲು ತೆಗೆಯುವ ಹೊಣೆ ಅತ್ತೆಯದು. ಅತ್ತೆ ಬಾಗಿಲು ತೆಗೆಯುವುದೆಂದರೆ ಅದೊಂದು ಸಮಾರಂಭ. ಮೊದಲು ಕನ್ನಡಕ ಹುಡುಕಬೇಕು. ಕನ್ನಡಕ ಸಿಕ್ಕಿದ ಮೇಲೆ ಚಪ್ಪಲಿ ಕಾಣಬೇಕು. ಆಮೇಲೆ ಸೊಂಟಕ್ಕೆ ಕೈ ಕೊಟ್ಟು, "ಬಂದೆ, ಬಂದೆ, ಊರು ಮುಳುಗಿಲ್ಲ," ಎನ್ನುತ್ತಾ ನಡೆದು, ಮೇಲಿನ ಚಿಲಕ, ಕೆಳಗಿನ ಚಿಲಕ ಎರಡನ್ನೂ ಎಳೆಯಬೇಕು. ಅಷ್ಟು ಹೊತ್ತಿಗೆ ಬೆಲ್ಲಣ್ಣನ ಇನ್ನರ್ಧ ಗಡ್ಡವೂ ಮುಗಿದಿತ್ತು.

"ಯಾರೂ ಇಲ್ಲ," ಎಂದರು ಅತ್ತೆ, ಬಾಗಿಲಿಗೇ ಹೇಳುವವರಂತೆ. "ನಿನ್ನೆ ನಾಲ್ಕು ಸಲ ಎದ್ದೆ, ನಾಲ್ಕು ಸಲವೂ ಯಾರೂ ಇಲ್ಲ. ನನ್ನ ಮಂಡಿಯೇನು ಬಾಡಿಗೆಗೆ ತಂದದ್ದಾ? ಇವತ್ತಿಂದ ಬೆಲ್ ಹೊಡೆದ್ರೆ ಏಳೋದಿಲ್ಲ. ಬೇಕಾದವರು ಬಾಗಿಲು ತಟ್ಟಲಿ."

"ಇವತ್ತು ಸರಿ ಮಾಡ್ತೀನಿ ಅತ್ತೆ," ಎಂದ ಬೆಲ್ಲಣ್ಣ.

"ನಿಮ್ಮನ್ನ ಅಂದಿದ್ದಲ್ಲಪ್ಪ. ಬೆಲ್ಲನ್ನ ಅಂದಿದ್ದು," ಎಂದು ಅತ್ತೆ ಮೆತ್ತಗಾದರು.

ಆದರೆ ಬೆಲ್ಲನ್ನು ಅಂದರೂ ಒಂದೇ, ಅವನನ್ನು ಅಂದರೂ ಒಂದೇ. ಆ ಬೆಲ್ಲು ಅವನದೇ ಕೂಸು. ಅವನು ಕೆಲಸ ಮಾಡುವ ಸಣ್ಣ ಕಂಪನಿಯಲ್ಲಿ ಇಷ್ಟು ವರ್ಷ ಬೇರೆಯವರು ಬರೆದ ಸರ್ಕ್ಯೂಟುಗಳಿಗೆ ತೇಪೆ ಹಾಕಿಕೊಂಡಿದ್ದವನು, ಮೊಟ್ಟಮೊದಲ ಬಾರಿಗೆ ತಾನೇ ಕೂತು ಬರೆದ ಸರ್ಕ್ಯೂಟು ಅದು. ತಾನಿರುವ ಕಟ್ಟಡಕ್ಕೇ ಮೊದಲು ಹಾಕಿಸಿದ. ಮಕ್ಕಳ ಕೈಗೂ ಎಟುಕಲಿ ಎಂದು ಗುಂಡಿಗಳನ್ನು ಮೊಣಕೈ ಎತ್ತರಕ್ಕೆ ಇಳಿಸಿದ್ದೂ ಅವನದೇ ಯೋಚನೆ. ಹಾಕಿಸಿದ ವಾರ ಎಲ್ಲರೂ ಹೊಗಳಿ ಅವನಿಗೆ ಬೆಲ್ಲಣ್ಣ ಎಂದು ಹೆಸರಿಟ್ಟರು. ತಿಂಗಳು ಕಳೆಯಿತು, ಹೆಸರು ಉಳಿಯಿತು, ಅದರಲ್ಲಿದ್ದ ಸಿಹಿ ಮಾತ್ರ ಕರೆಯುವವರ ದನಿಯಲ್ಲಿ ಉಳಿಯಲಿಲ್ಲ.

ಬೆಲ್ಲುಗಳು ಹೊಡೆದುಕೊಳ್ಳುವುದರಲ್ಲಿ ಒಂದು ಕ್ರಮವೂ ಇತ್ತು. ಮೊದಲು ಒಂದನೇ ಮಹಡಿ, ಸ್ವಲ್ಪ ಹೊತ್ತಿಗೆ ಎರಡನೆಯದು, ಆಮೇಲೆ ಮೂರನೆಯದು, ಕೊನೆಗೆ ನಾಲ್ಕು. ಮೊದಮೊದಲು ಜನ ಮಕ್ಕಳ ಮೇಲೆ ಅನುಮಾನಪಟ್ಟರು. ಮಕ್ಕಳು ಶಾಲೆಯಲ್ಲಿದ್ದಾಗಲೂ ಬೆಲ್ಲು ಹೊಡೆದಾಗ ಒಬ್ಬರ ಮೇಲೊಬ್ಬರು ಅನುಮಾನಪಟ್ಟರು. ಎರಡನೇ ಮಹಡಿಯವರು ಒಂದನೇ ಮಹಡಿಯವರೊಡನೆ ಮಾತು ಬಿಟ್ಟಿದ್ದರು. ಕೊನೆಗೆ ಎಲ್ಲರೂ ರಾಜಿಯಾಗಿ ಬೆಲ್ಲಣ್ಣನ ಮೇಲೆ ಬಿದ್ದರು. ಅವನೂ ತಲೆ ಕೆಡಿಸಿಕೊಂಡು ಒಂದು ತೀರ್ಮಾನಕ್ಕೆ ಬಂದಿದ್ದ. ಮೆಟ್ಟಿಲ ದೀಪದ ಸ್ವಿಚ್ಚು ಆರಿಸಿದಾಗಲೆಲ್ಲ ತಂತಿಯಲ್ಲಿ ಕರೆಂಟಿನ ಒಂದು ಏಟು ಹುಟ್ಟುತ್ತದೆ, ಅದು ಮಹಡಿಯಿಂದ ಮಹಡಿಗೆ ಏರುತ್ತದೆ, ಬೆಲ್ಲು ಅದನ್ನೇ ಬೆರಳೆಂದು ತಿಳಿದು ಮೋಸಹೋಗುತ್ತದೆ.

ಮೆಟ್ಟಿಲಿಳಿಯುವಾಗ ಅಧ್ಯಕ್ಷರು ಸಿಕ್ಕಿದರು. ಕಟ್ಟಡದ ಸಂಘಕ್ಕೆ ಅವರೇ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ಟರು, ನೆಲಮಹಡಿಯವರು. ಹೃದಯಕ್ಕೆ ಒಳ್ಳೆಯದೆಂದು ಕ್ಯಾನ್ವಾಸ್ ಶೂ ಹಾಕಿಕೊಂಡು ದಿನಕ್ಕೆ ಮೂರು ನಾಲ್ಕು ಸಲ ಕಟ್ಟಡ ಹತ್ತಿಳಿಯುತ್ತಾರೆ, ಇಳಿಯುವಾಗ ಪ್ರತಿ ಮನೆಯ ದೂರನ್ನೂ ಕೇಳಿಕೊಂಡು ಬರುತ್ತಾರೆ. ಕೇಳಿಕೊಂಡು ಎಂದರೆ, ಅರ್ಧ ಕೇಳಿಕೊಂಡು. ಕಿವಿಗೆ ಹಾಕುವ ಯಂತ್ರದ ಬ್ಯಾಟರಿ ಸುಮ್ಮನೆ ಖರ್ಚಾಗುತ್ತದೆಂದು ಅದನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ.

"ಇವತ್ತು ಬೆಳಿಗ್ಗೆಯೂ ಹೊಡ್ಕೊಂಡಿತಂತೆ," ಎಂದರು, ತರಗತಿಯ ಕೊನೆ ಬೆಂಚಿಗೆ ಕೇಳಿಸುವ ದನಿಯಲ್ಲಿ. "ನನಗಂತೂ ಒಂದು ಸಲವೂ ಕೇಳಿಸಿಲ್ಲ. ಆದ್ರೆ ಇಷ್ಟು ಜನ ಸುಳ್ಳು ಹೇಳ್ತಾರಾ? ಸಂಜೆ ಆರರವರೆಗೆ ಟೈಮು ಕೊಡ್ತೀನಿ. ಆಗಲೂ ಸರಿ ಹೋಗದಿದ್ರೆ ಎಲ್ಲಾ ಬೆಲ್ಲೂ ಕಿತ್ತು ನಿಮ್ಮ ಕಂಪನಿ ಗೇಟಿನ ಮುಂದೆ ಸುರೀತೀವಿ."

"ಖಂಡಿತ ಸರಿ ಮಾಡ್ತೀನಿ ಸರ್."

"ಏನು?"

"ಸರಿ ಮಾಡ್ತೀನಿ."

"ಸರಿ ಹೋಗದಿದ್ರೆ ಅಂತಲೇ ನಾನೂ ಹೇಳ್ತಿರೋದು," ಎಂದು ಅಧ್ಯಕ್ಷರು ಕೆಳಗಿಳಿದರು.

ಕಂಪನಿಗೆ ಕಾಲಿಡುವ ಮೊದಲೇ ಸುದ್ದಿ ಅಲ್ಲಿಗೆ ತಲುಪಿತ್ತು. ಯಜಮಾನರು ಬಾಗಿಲಲ್ಲೇ ಕಾದಿದ್ದರು. ಒಳ್ಳೆಯ ಮನುಷ್ಯರೇ, ಆದರೆ ದೂರಿನ ಫೋನು ಬಂದ ದಿನ ಒಳ್ಳೆಯತನ ಮನೆಯಲ್ಲಿ ಮರೆತು ಬಂದಿರುತ್ತಾರೆ.

"ನೋಡಿ, ಆರು ಗಂಟೆ ಆದ್ಮೇಲೆ ಆ ಕಟ್ಟಡದಿಂದ ಒಂದೇ ಒಂದು ದೂರು ಬಂದ್ರೂ ನಾಳೆಯಿಂದ ನಿಮ್ಮ ಕುರ್ಚಿ ಅಲ್ಲಿ," ಎಂದು ಕೈ ತೋರಿಸಿದರು.

ಅಲ್ಲಿ ಎಂದರೆ ಗೋದಾಮಿನ ಪಕ್ಕ, ಕಿಟಕಿಯಿಲ್ಲದ ಮೂಲೆ, ದೂರಿನ ಫೋನಿನ ಮೇಜು. ಹಗಲು ಅದನ್ನು ಎತ್ತುವವರು ಒಬ್ಬರು ಬೇಕು, ಸಂಜೆ ಆರರ ಮೇಲೆ ಆ ನಂಬರಿಗೆ ಬಂದ ಕರೆ ಸೀದಾ ಯಜಮಾನರ ಮೊಬೈಲಿಗೆ ಹೋಗುತ್ತದೆ. ಆ ಕುರ್ಚಿಯಲ್ಲಿ ಕೂತ ಎಂಜಿನಿಯರು ಯಾರೂ ಮತ್ತೆ ಎದ್ದು ಬಂದು ಸರ್ಕ್ಯೂಟು ಬರೆದದ್ದಿಲ್ಲ. ಹಿಂದಿನವನು ಈಗ ಕೆಲಸ ಬಿಟ್ಟು ಫೋನಿಲ್ಲದ ಕಡೆ ಇದ್ದಾನಂತೆ. ಒಂದೇ ಒಂದು ಸರ್ಕ್ಯೂಟು ಬರೆದು ಮುಗಿಸಿದ ಬೆಲ್ಲಣ್ಣನಿಗೆ ಆ ಮೂಲೆ ಎಂದರೆ ಬದುಕಿದ್ದೂ ಸತ್ತ ಹಾಗೆ.

ಓಡಿಹೋಗಿ ಕಂಪ್ಯೂಟರಿನ ಮುಂದೆ ಕೂತ. ಅದರೊಳಗೆ ಬೆಲ್ಲಿನ ಸರ್ಕ್ಯೂಟು ಕಟ್ಟಿದ್ದ. ನಿಜವಾದ ತಂತಿ ಬೇಡ, ಕರೆಂಟು ಬೇಡ. ಎಲ್ಲಾ ಅಲ್ಲೇ ಲೆಕ್ಕದಲ್ಲಿ ಹರಿದು, ಕ್ಷಣಕ್ಷಣಕ್ಕೆ ಏನಾಯಿತೆಂದು ಗೆರೆ ಎಳೆದು ತೋರಿಸುತ್ತದೆ. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ತೊಂದರೆ ಏನೆಂದರೆ ಕಂಪ್ಯೂಟರಿಗೆ ಹರಿಯುವ ಕಾಲ ಗೊತ್ತಿಲ್ಲ. ಅದು ಹೆಜ್ಜೆ ಹಾಕುತ್ತದೆ. ಒಂದು ಹೆಜ್ಜೆ ಇಟ್ಟು ಕಣ್ಣು ತೆರೆದು ನೋಡುತ್ತದೆ, ಲೆಕ್ಕ ಬರೆದುಕೊಳ್ಳುತ್ತದೆ, ಕಣ್ಣು ಮುಚ್ಚಿ ಇನ್ನೊಂದು ಹೆಜ್ಜೆ ಇಡುತ್ತದೆ. ಆ ಹೆಜ್ಜೆ ಎಷ್ಟುದ್ದ ಇರಬೇಕೆಂದು ಮನುಷ್ಯ ಹೇಳಬೇಕು. ಉದ್ದವಾದರೆ ನಡುವೆ ನಡೆದದ್ದು ತಪ್ಪಿಹೋಗುತ್ತದೆ. ಗಿಡ್ಡವಾದರೆ ಏನೂ ತಪ್ಪುವುದಿಲ್ಲ, ಕೆಲಸವೂ ಮುಗಿಯುವುದಿಲ್ಲ. ಈ ಕಸುಬಿನವರು ತಲೆ ಕೆರೆದುಕೊಳ್ಳುವುದರಲ್ಲಿ ಅರ್ಧ ಭಾಗ ಈ ಒಂದು ವಿಷಯಕ್ಕೆ.

ಅವಸರಕ್ಕೆ ಬೆಲ್ಲಣ್ಣ ಮೊದಲು ಉದ್ದ ಹೆಜ್ಜೆ ಕೊಟ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ಗೆರೆ ಬಂತು. ಇಸ್ತ್ರಿ ಮಾಡಿದ ಹಾಗೆ ನೆಟ್ಟಗಿತ್ತು.

ಹಿಂದೆ ನಿಂತಿದ್ದ ಯಜಮಾನರ ಮುಖ ಅರಳಿತು. "ಏಟೂ ಇಲ್ಲ, ಗೀಟೂ ಇಲ್ಲ. ನಮ್ಮ ಬೆಲ್ಲಲ್ಲಿ ತಪ್ಪಿಲ್ಲ ಅಂತ ಬರೆದು ಕೊಟ್ಟುಬಿಡಿ."

"ಹಾಗಲ್ಲ ಸರ್, ಹೆಜ್ಜೆ ದೊಡ್ಡದಾಯ್ತು. ಈಗ ನಮ್ಮತ್ತೆ ಇದ್ದಾರೆ ನೋಡಿ, ಬೆಲ್ ಹೊಡೆದ್ರೆ ಬಾಗಿಲು ತೆಗೆಯೋಕೆ ಅವರಿಗೆ ಯುಗ ಬೇಕು. ತೆಗೆದಾಗ ಯಾರೂ ಇರಲ್ಲ. ಹಾಗಂತ ಯಾರೂ ಬಂದೇ ಇಲ್ಲ ಅನ್ನೋಕಾಗುತ್ತಾ? ನಡುವೆ ಬಂದು ಹೋಗಿರಬಹುದು. ಕಂಪ್ಯೂಟರೂ ಹಾಗೇ."

"ನಿಮ್ಮತ್ತೆ ವಿಷಯ ನನಗ್ಯಾಕ್ರೀ? ಆರು ಗಂಟೆ ವಿಷಯ ಹೇಳಿ."

ಅಷ್ಟರಲ್ಲಿ ಸೂಕ್ಷ್ಮಯ್ಯನವರು ಮೂಗು ತೂರಿಸಿದರು. ಅವರು ಅಲ್ಲಿನ ಹಿರಿಯ ಎಂಜಿನಿಯರು, ನಿವೃತ್ತಿಗೆ ಹತ್ತಿರ. ಅವರಿಗೆ ಎಲ್ಲವೂ ಸಣ್ಣದಾಗಿರಬೇಕು. ಪೆನ್ಸಿಲ್ಲನ್ನು ಸೂಜಿಯಾಗುವವರೆಗೆ ಜೀವುತ್ತಾರೆ, ಚಹಾವನ್ನು ಒಂದೊಂದೇ ಗುಟುಕಾಗಿ ಮಧ್ಯಾಹ್ನದವರೆಗೆ ಕುಡಿಯುತ್ತಾರೆ.

"ನ್ಯಾನೊಸೆಕೆಂಡು ಹಾಕಯ್ಯ," ಎಂದರು. "ಸೆಕೆಂಡನ್ನ ನೂರು ಕೋಟಿ ಚೂರು ಮಾಡಿದ್ರೆ ಒಂದು ಚೂರು. ಅದರ ಕಣ್ಣು ತಪ್ಪಿಸಿ ಒಂದು ನುಸಿಯೂ ಹೋಗಲ್ಲ."

ಹಿರಿಯರ ಮಾತು ಮೀರಬಾರದೆಂದು ಹಾಕಿದ. ಪರದೆಯ ಕೆಳಗೆ ಒಂದು ಪಟ್ಟಿ ಮೂಡಿತು. ಕೆಲಸ ಮುಗಿಯಲು ಎಷ್ಟು ಸಮಯ ಬೇಕೆಂದು ಅದು ಹೇಳುತ್ತದೆ. ಮುಂದಿನ ವಾರ, ಬುಧವಾರ ಎಂದು ಹೇಳಿತು.

"ಬುಧವಾರ ಬರಲಿ, ಖಚಿತವಾಗಿ ಬರುತ್ತೆ," ಎಂದರು ಸೂಕ್ಷ್ಮಯ್ಯ, ಚಹಾದ ಒಂದು ಗುಟುಕು ತೆಗೆದುಕೊಳ್ಳುತ್ತಾ.

ಯಜಮಾನರು ಅವರನ್ನೂ ನೋಡಿದರು, ಬೆಲ್ಲಣ್ಣನನ್ನೂ ನೋಡಿದರು, ಮೂಲೆಯ ಫೋನನ್ನೂ ನೋಡಿದರು. ಬೆಲ್ಲಣ್ಣ ಗಾಬರಿಯಿಂದ ಎರಡರ ನಡುವಿನ ಒಂದು ಹೆಜ್ಜೆ ಆರಿಸಿ ಓಡಿಸಿದ. ಮಧ್ಯಾಹ್ನದ ಹೊತ್ತಿಗೆ ಮುಗಿಯುವ ಸೂಚನೆ ಕಂಡಿತು. ಎಲ್ಲರೂ ಸುಮ್ಮನಿದ್ದರೆ ಮುಗಿದೂ ಇರುತ್ತಿತ್ತು.

ಆದರೆ ಬೆಲ್ಲಣ್ಣನ ಫೋನು ಸುಮ್ಮನಿರಲಿಲ್ಲ. ಒಂದನೇ ಮಹಡಿಯವರು ಮಾಡಿದರು: ಹೊಡೆದುಕೊಂಡಿತು. ಎರಡನೇ ಮಹಡಿಯವರು ಮಾಡಿದರು: ಹೊಡೆದುಕೊಂಡಿತು, ಮಗು ಎದ್ದು ಅಳುತ್ತಿದೆ, ಬಂದು ಮಲಗಿಸಿ. ಮುಂದಿನ ಕರೆ ಅತ್ತೆಯದು. ಬೆಲ್ಲಣ್ಣ ಕಾರಿಡಾರಿಗೆ ಹೋಗಿ ಮಾತಾಡಿದ.

"ಬೆಲ್ ಹೊಡ್ಕೊಂಡಿತು, ನಾನು ಏಳಲಿಲ್ಲ," ಎಂದರು ಅತ್ತೆ ಗೆದ್ದವರ ಹಾಗೆ. "ಆದ್ರೆ ಬಾಗಿಲು ತಟ್ಟಿದ್ದಕ್ಕೆ ಎದ್ದೆ, ಬ್ರಷ್ ಮಾರೋನು. ಅತ್ತೆ ಅತ್ತೆ ಅಂತ ಕರೆದ, ನೀವೇ ಅಂದ್ಕೊಂಡು ತೆಗೆದುಬಿಟ್ಟೆ. ಮೂರು ಬ್ರಷ್ ತಗೊಳ್ಳೋವರೆಗೂ ಬಿಡಲಿಲ್ಲ. ಆಮೇಲೆ ಒಬ್ಬ ಯಾವುದೋ ವಿಳಾಸ ಕೇಳ್ಕೊಂಡು ತಟ್ಟಿದ. ಈ ತಟ್ಟೋರ ಸಹವಾಸ ಬೆಲ್ಲಿಗಿಂತ ಕಷ್ಟ ಅಳಿಯಂದ್ರೆ."

"ಸಂಜೆಯೊಳಗೆ ಸರಿ ಮಾಡಿಸ್ತೀನಿ ಅತ್ತೆ."

"ಮಾಡ್ಸಿ. ನಿಮ್ಮ ಮೇಲೆ ನನಗೆ ನಂಬಿಕೆ ಇದೆ."

ಇತ್ತ ಬೆಲ್ಲಣ್ಣನ ಖಾಲಿ ಕುರ್ಚಿಯಲ್ಲಿ ಮಾತಿನಮಲ್ಲ ಕೂತಿದ್ದ. ಮಾರಾಟ ವಿಭಾಗದವನು. ಅಧ್ಯಕ್ಷರ ಕೈಗೆ ಕೊಡಲು ಅವನಿಗೊಂದು ಚಿತ್ರ ಬೇಕಾಗಿತ್ತು, ನೆಟ್ಟಗಿನ ಗೆರೆಯಲ್ಲ, ಏನಾದರೂ ನಡೆದಿರುವ ಚಿತ್ರ. ಓಡುತ್ತಿದ್ದ ಸಿಮ್ಯುಲೇಶನ್ನು ಅವನಿಗೆ ಕೆಟ್ಟು ನಿಂತಂತೆ ಕಂಡಿತು. ನಿಲ್ಲಿಸಿದ. ಹೆಜ್ಜೆಯ ಅಳತೆ ಬರೆದಿದ್ದ ಚೌಕದಲ್ಲಿ ಬಿಂದುವಿನ ನಂತರದ ಸೊನ್ನೆಗಳು ಜಾಸ್ತಿಯಾದವು ಅನ್ನಿಸಿ ಕೆಲವನ್ನು ಅಳಿಸಿದ. ಓಡಿಸಿದ.

ಬೆಲ್ಲಣ್ಣ ಒಳಗೆ ಬಂದಾಗ ಪರದೆಯ ಮುಂದೆ ಜನ ಸೇರಿತ್ತು. ನೆಟ್ಟಗಿನ ಗೆರೆಯ ನಡುವೆ ಒಂದು ಸೂಜಿ ಎದ್ದು ನಿಂತಿತ್ತು. ಎತ್ತರದ, ಚೂಪಾದ, ನೋಡಿದವರೆಲ್ಲ "ಅಬ್ಬ" ಅನ್ನುವಂಥ ಸೂಜಿ.

"ಸಿಕ್ಕಿಬಿದ್ದ ಕಳ್ಳ," ಎಂದ ಮಾತಿನಮಲ್ಲ. "ನೀವು ಬೆಳಿಗ್ಗೆಯಿಂದ ಹುಡುಕಿದ್ದನ್ನ ನಾನು ಒಂದು ನಿಮಿಷಕ್ಕೆ ಹಿಡಿದೆ."

ಬೆಲ್ಲಣ್ಣ ಬಗ್ಗಿ ಚೌಕದಲ್ಲಿದ್ದ ಅಳತೆ ನೋಡಿದ. ಸ್ವಿಚ್ಚು ಪಟ್ಟನೆ ಆರುವ ಕಡೆ ಇಂಥ ಒರಟು ಹೆಜ್ಜೆ ಕೊಟ್ಟರೆ ಕಂಪ್ಯೂಟರು ಇದ್ದದ್ದನ್ನು ಬಿಡುವುದಷ್ಟೇ ಅಲ್ಲ, ಇಲ್ಲದ್ದನ್ನೂ ಕಾಣುತ್ತದೆ. ಎಡವಿ, ಮುಂದೆ ಹೋಗಿ, ಹಿಂದೆ ಬಂದು, ತನ್ನ ತೂರಾಟವನ್ನೇ ಗೆರೆಯಾಗಿ ಬರೆದುಬಿಡುತ್ತದೆ. ಅದನ್ನು ಕಂಡುಹಿಡಿಯುವ ಬಗೆ ಈ ಕಸುಬಿನ ಮೊದಲ ಪಾಠ. ಹೆಜ್ಜೆಯನ್ನು ಅರ್ಧ ಮಾಡಿ ಮತ್ತೆ ಓಡಿಸಬೇಕು. ಸೂಜಿ ಇದ್ದಲ್ಲೇ ಇದ್ದಷ್ಟೇ ಇದ್ದರೆ ಅದು ಸರ್ಕ್ಯೂಟಿನದು. ಜಾಗ ಬಿಟ್ಟರೆ, ಕುಗ್ಗಿದರೆ, ಅದು ಹೆಜ್ಜೆಯ ಸೃಷ್ಟಿ.

"ಸರ್, ಇದು ನಿಜವಾದ ಸೂಜಿನೋ ಅಲ್ವೋ ಅಂತ ಒಂದು ಸಲ ನೋಡ್ಬೇಕು. ಅರ್ಧ ಹೆಜ್ಜೆ, ಕಾಲು ಹೆಜ್ಜೆ ಎರಡೂ ಓಡಿಸ್ತೀನಿ."

"ಎಷ್ಟು ಹೊತ್ತು?"

"ಸಂಜೆ ಆಗಬಹುದು."

ಯಜಮಾನರು ಕೈ ಚಾಚಿ ಪರದೆಯನ್ನೇ ಆರಿಸಿದರು. "ಕಳ್ಳ ಸಿಕ್ಕಿದ್ಮೇಲೆ ಅವನ ಜಾತಕ ಯಾಕ್ರೀ? ಔಷಧಿ ಹೇಳಿ."

ಬೆಲ್ಲಣ್ಣ ಬಾಯಿ ತೆರೆದ. ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸತ್ಯ ಹೇಳಬೇಕೆಂದರೆ, ಆ ಸೂಜಿಯನ್ನು ನೋಡಿ ಅವನಿಗೂ ಒಳಗೊಳಗೆ ಹಾಯೆನಿಸಿತ್ತು. ದೀಪದ ಸ್ವಿಚ್ಚೇ ಕಾರಣ ಎಂದು ತಾನು ಹೇಳಿದ ಜಾಗದಲ್ಲೇ ಅದು ಎದ್ದಿತ್ತು. ಇದನ್ನು ನಂಬಿದರೆ ಆರು ಗಂಟೆಗೆ ಎಲ್ಲಾ ಮುಗಿಯುತ್ತದೆ, ಮೂಲೆಯ ಕುರ್ಚಿ ದೂರ ಉಳಿಯುತ್ತದೆ. ತೆರೆದ ಬಾಯನ್ನು ಆಕಳಿಕೆ ಬಂದವನಂತೆ ಮುಚ್ಚಿಕೊಂಡ.

"ಗುಂಡಿಯ ಪಕ್ಕ ಒಂದು ಕೆಪಾಸಿಟರ್ ಹಾಕಿದ್ರೆ ಸಾಕು ಸರ್. ಸಣ್ಣ ಡಬ್ಬಿ, ಇಂಥ ಏಟನ್ನೆಲ್ಲ ನುಂಗಿಕೊಳ್ಳುತ್ತೆ."

"ತೀರಾ ಸಣ್ಣದು ಹಾಕು," ಎಂದರು ಸೂಕ್ಷ್ಮಯ್ಯ.

"ಸಣ್ಣದ್ಯಾಕೆ? ದೊಡ್ಡದೇ ಹಾಕಿ," ಎಂದರು ಯಜಮಾನರು. "ಇನ್ನು ಜನ್ಮದಲ್ಲಿ ದೂರು ಬರಬಾರದು."

ಗೋದಾಮಿನಲ್ಲಿ ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ತಂದರು, ಹೆಬ್ಬೆರಳಿನಷ್ಟು ದಪ್ಪ. ಕಂಪ್ಯೂಟರಿನೊಳಗೂ ಅದನ್ನು ಹಾಕಿ ಮಾತಿನಮಲ್ಲನ ಹೆಜ್ಜೆಯಲ್ಲೇ ಓಡಿಸಿದರು. ಸೂಜಿ ಮಂಗಮಾಯ. ಸ್ವಿಚ್ಚು ಆರಿಸಿ ನೋಡಿದರು, ಹಾಕಿ ನೋಡಿದರು, ಹತ್ತು ಸಲ ಹಾಕಿ ಆರಿಸಿ ನೋಡಿದರು. ಗೆರೆ ಅಲುಗಲಿಲ್ಲ. ಬೆಲ್ಲನ್ನು ಬೆರಳಿನಿಂದಲೂ ಒತ್ತುತ್ತಾರೆ ಎಂಬ ವಿಷಯ ಆ ಕೋಣೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಕಂಪನಿಯ ಮಿಸ್ತ್ರಿ ಆ ಡಬ್ಬಿಗಳ ಚೀಲ ಹೆಗಲಿಗೇರಿಸಿಕೊಂಡು ಕಟ್ಟಡಕ್ಕೆ ಹೊರಟ. ಆತ ಎಂದೂ ಅವಸರ ಮಾಡಿದವನಲ್ಲ. ಬೆಲ್ಲು ಪರೀಕ್ಷಿಸುವುದೆಂದರೆ ದಾಖಲೆಗೆ ಮುದ್ರೆ ಒತ್ತುವವನ ಹಾಗೆ ಹೆಬ್ಬೆರಳನ್ನು ಗುಂಡಿಯ ಮೇಲೆ ಊರಿ, ಮನೆಯವರ ಯೋಗಕ್ಷೇಮ ವಿಚಾರಿಸಿ, ಒಳಗೆ ಗಂಟೆ ಕೇಳಿಸಿದ ಮೇಲೂ ಇನ್ನೊಂದು ಮಾತಾಡಿ ಬೆರಳು ತೆಗೆಯುತ್ತಾನೆ. ಹಾಗೆ ಎಲ್ಲಾ ಮಹಡಿ ಮುಗಿಸಿ, ಆರಕ್ಕೆ ಸ್ವಲ್ಪ ಮೊದಲು ಕಂಪನಿಗೆ ಫೋನು ಮಾಡಿದ. "ಎಲ್ಲಾ ಚೆನ್ನಾಗಿ ಹೊಡೀತಾವೆ. ತಾವಾಗಿ ಒಂದೂ ಹೊಡ್ಕೊಂಡಿಲ್ಲ."

ಯಜಮಾನರು ಬೆಲ್ಲಣ್ಣನ ಬೆನ್ನು ತಟ್ಟಿದರು. ಮಾತಿನಮಲ್ಲ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಹೊರಡುವ ಮುಂಚೆ ಅತ್ತೆಯ ಕರೆ ಬಂತು.

"ಮಿಸ್ತ್ರಿ ಬಂದು ಮಾಡಿಕೊಟ್ಟು ಹೋದ್ರು. ಬಂಗಾರದ ಹಾಗಿದೆ. ಇನ್ನು ನಾನು ಬೆಲ್ ಹೊಡೆದ್ರೆ ಮಾತ್ರ ಏಳೋದು. ತಟ್ಟೋರು ತಟ್ಕೊಂಡೇ ಇರ್ಲಿ, ಕೈ ನೋವು ಅವರದ್ದು. ಬೆಳಿಗ್ಗೆಯಿಂದ ಆರು ಬ್ರಷ್ ಆಯ್ತು."

"ಮೂರು ಅಂದ್ರಿ?"

"ಇನ್ನೊಬ್ಬ ಬಂದಿದ್ದ."

"ಹಾಗೇ ಮಾಡಿ ಅತ್ತೆ, ಯಾರು ತಟ್ಟಿದ್ರೂ ತೆಗೀಬೇಡಿ," ಎಂದ ಬೆಲ್ಲಣ್ಣ ತುಂಬಿದ ಮನಸ್ಸಿನಿಂದ. ಅಲ್ಲಿಗೆ ಫೋನಿನ ಜೀವ ಹೋಯಿತು. ದಿನವಿಡೀ ನೆರೆಯವರ ಕರೆ ಹೊತ್ತು ಅದಕ್ಕೂ ಸಾಕಾಗಿತ್ತು.

ಕಟ್ಟಡದ ಮೆಟ್ಟಿಲನ್ನು ಅವನು ಆ ಸಂಜೆ ಹತ್ತಿದ್ದು ಸಿಳ್ಳೆ ಹಾಕುತ್ತಾ. ಒಂದನೇ ಮಹಡಿಯವರು ನಕ್ಕರು. ಎರಡನೇ ಮಹಡಿಯ ಮಗು ನಿದ್ದೆ ಮಾಡುತ್ತಿತ್ತು. ಮೂರನೇ ಮಹಡಿಗೆ ಬಂದು, ತನ್ನ ಬಾಗಿಲ ಮುಂದೆ ನಿಂತು, ಟೈ ಸರಿಮಾಡಿಕೊಂಡು, ಗುಂಡಿಯನ್ನು ಎಂದಿನಂತೆ ಒಂದು ಸಲ ಮುಟ್ಟಿ ಬಿಟ್ಟ.

ಏನೂ ಆಗಲಿಲ್ಲ.

ಮತ್ತೆ ಒತ್ತಿದ. ಇಲ್ಲ. ಮೂರನೇ ಸಲ ಒತ್ತುವಾಗ ಅವನಿಗೆ ಹೆಬ್ಬೆರಳಿನಷ್ಟು ದಪ್ಪದ ಆ ಡಬ್ಬಿ ನೆನಪಾಯಿತು. ಏಟು ನುಂಗುವ ಡಬ್ಬಿಗೆ ಬೆರಳೂ ಒಂದು ಏಟೇ. ಅದರ ಹೊಟ್ಟೆ ತುಂಬುವವರೆಗೆ ಒತ್ತಿ ಹಿಡಿದರೆ ಮಾತ್ರ ಒಳಗೆ ಸುದ್ದಿ ಹೋಗುತ್ತದೆ. ಮಿಸ್ತ್ರಿಯ ಹೆಬ್ಬೆರಳಿನಷ್ಟು ಪುರಸೊತ್ತು ಊರಲ್ಲಿ ಇನ್ನಾರಿಗಿದೆ? ಯೋಚಿಸದೆ ಬಾಗಿಲು ತಟ್ಟಿದ.

"ಯಾರದು?" ಒಳಗಿನಿಂದ ಅತ್ತೆ.

"ನಾನು ಅತ್ತೆ."

"ಅವನೂ ಹಾಗೇ ಅಂದಿದ್ದ. ಬ್ರಷ್ ಬೇಡ, ಹೋಗಪ್ಪ."

"ಬ್ರಷ್ ಅಲ್ಲ ಅತ್ತೆ, ನಿಮ್ಮ ಅಳಿಯ."

"ನಮ್ಮ ಅಳಿಯಂದ್ರು ಆ ಬೆಲ್ಲನ್ನೇ ಮಾಡಿದವರು. ಅವರ್ಯಾಕೆ ಬಾಗಿಲು ತಟ್ಟುತ್ತಾರೆ? ಹೋಗು ಹೋಗು." ಟೀವಿಯ ಸದ್ದು ಜೋರಾಯಿತು.

ಇನ್ನು ಒತ್ತಿ ಹಿಡಿಯುವುದೊಂದೇ ದಾರಿ ಎಂದು ಕೈ ಎತ್ತುವಷ್ಟರಲ್ಲಿ ಕೆಳಗಿನಿಂದ ಅಧ್ಯಕ್ಷರು ಏರಿ ಬಂದರು. ಸಂಜೆಯ ಸುತ್ತು. ಕ್ಯಾನ್ವಾಸ್ ಶೂಗಳು ಸದ್ದು ಮಾಡಲಿಲ್ಲ, ಅಧ್ಯಕ್ಷರ ಉಸಿರು ಮಾತ್ರ ಏದುತ್ತಿತ್ತು. ಬೆಲ್ಲಣ್ಣನನ್ನು ಕಂಡು ಮುಖ ಅರಳಿಸಿದರು. ಬಾಗಿಲ ಪಕ್ಕದ ಗೋಡೆಗೆ ಮೊಣಕೈ ಊರಿ ನಿಂತರು, ದಣಿವಾರಿಸಿಕೊಳ್ಳಲು.

"ಭೇಷ್. ಆರು ಗಂಟೆ ಅಂದೆ, ಆರಕ್ಕೆ ಮುಗಿಸಿದ್ರಿ. ಒಂದನೇ ಮಹಡಿಯಲ್ಲಿ ಹೊಡ್ಕೊಂಡಿಲ್ಲ, ಎರಡರಲ್ಲಿ ಹೊಡ್ಕೊಂಡಿಲ್ಲ. ಎಲ್ಲರೂ ಈಗ ತಾನೇ ಹೇಳಿದ್ರು."

ಬೆಲ್ಲಣ್ಣ ಕೇಳಿಸಿಕೊಳ್ಳುತ್ತಿರಲಿಲ್ಲ. ಅವನ ಕಣ್ಣು ಅಧ್ಯಕ್ಷರ ಮೊಣಕೈ ಮೇಲೆ ನೆಟ್ಟಿತ್ತು. ಮೊಣಕೈ ಗುಂಡಿಯ ಮೇಲಿತ್ತು, ಅಳತೆ ತೆಗೆದು ಕೂರಿಸಿದ ಹಾಗೆ.

ಎಂದಿನಂತೆ ಎರಡು ಉಸಿರು ತೆಗೆದುಕೊಂಡು ಹೋಗಿದ್ದರೆ ಡಬ್ಬಿ ಅದನ್ನೂ ನುಂಗುತ್ತಿತ್ತು. ಇವತ್ತು ಅಧ್ಯಕ್ಷರಿಗೆ ಹೊಗಳುವುದು ಬಹಳವಿತ್ತು. ಶಿಸ್ತಿನ ಮೇಲೆ, ಸಮಯಪಾಲನೆಯ ಮೇಲೆ, ತಾವು ಶಾಲೆಯಲ್ಲಿ ಬೆಳೆಸಿದ ಹುಡುಗರ ಮೇಲೆ ಮಾತಾಡುತ್ತಾ ಮೊಣಕೈಯನ್ನು ಇನ್ನಷ್ಟು ಊರಿದರು. ಒಳಗೆ ಗಂಟೆ ಸ್ಪಷ್ಟವಾಗಿ ಟಿಣ್ ಟೊಣ್ ಅಂದಿತು. ಜೇಬಿನಲ್ಲಿ ಕಿವಿಯಿಟ್ಟುಕೊಂಡ ಅಧ್ಯಕ್ಷರಿಗೆ ಅದು ಕೇಳಿಸಲಿಲ್ಲ.

ಬೆಲ್ಲಣ್ಣನಿಗೆ ಒಂದು ಕ್ಷಣ ನಗು ಬಂತು, ಇನ್ನೊಂದು ಕ್ಷಣ ಅಳು ಬಂತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಒಂದನೇ ಮಹಡಿ, ಎರಡು, ಮೂರು, ನಾಲ್ಕು. ತಂತಿಯಲ್ಲಿ ಯಾವ ಏಟೂ ಏರಿರಲಿಲ್ಲ, ಏರಿದ್ದು ಅಧ್ಯಕ್ಷರು. ಮೆಟ್ಟಿಲಲ್ಲಿ ಸದಾ ಕಾಣುವವರು ಅವರೇ, ಹಾಗಾಗಿ ಯಾರಿಗೂ ಕಾಣಿಸಿರಲಿಲ್ಲ. ಸೂಜಿ ಹೆಜ್ಜೆಯ ಕೂಸು. ಅವನು ಬರೆದ ಸರ್ಕ್ಯೂಟಿನಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತನ್ನ ಜೀವಮಾನದ ಒಂದೇ ಒಳ್ಳೆಯ ಕೆಲಸವನ್ನು ಈ ಮಧ್ಯಾಹ್ನ ತಾನೇ ಕೈಯಾರೆ ಕೆಡಿಸಿ ಬಂದಿದ್ದ. ನಡುವೆ ಬಂದು ಹೋಗಿರಬಹುದು ಎಂದು ಬೆಳಿಗ್ಗೆ ಯಜಮಾನರಿಗೆ ಬುದ್ಧಿ ಹೇಳಿದ್ದೂ ತಾನೇ.

"ಸರ್, ನಿಮ್ಮ ಮೊಣಕೈ," ಎಂದ.

"ಹೌದು, ಹೌದು, ಎಲ್ಲಾ ನಿಮ್ಮ ಕೈಚಳಕ," ಎಂದು ಅಧ್ಯಕ್ಷರು ಗೋಡೆ ಬಿಟ್ಟು ಮೇಲೆ ಹತ್ತತೊಡಗಿದರು.

ಇವತ್ತು ಬಿಟ್ಟರೆ ಇನ್ನೆಂದೂ ಇಲ್ಲವೆಂದು ಬೆಲ್ಲಣ್ಣ ಅವರ ಹಿಂದೆಯೇ ಓಡಿದ. ಮೆಟ್ಟಿಲು ತಿರುಗುವಲ್ಲಿ ಅವರನ್ನು ಅಡ್ಡಗಟ್ಟಿ, ತನ್ನ ಮೊಣಕೈ ತೋರಿಸಿದ, ಗೋಡೆ ತೋರಿಸಿದ, ಬೆರಳಲ್ಲಿ ಒತ್ತಿ ತೋರಿಸಿದ. ಮೊಣಕೈಗೆ ನೋವಾಗಿದೆಯೆಂದು ತಿಳಿದ ಅಧ್ಯಕ್ಷರು ಬಿಸಿನೀರಿನ ಶಾಖ ಕೊಡಲು ಹೇಳಿದರು. ಅವರ ಜೇಬಿನಲ್ಲಿದ್ದ ಯಂತ್ರವನ್ನು ತೆಗೆದು ಕಿವಿಗೆ ಸಿಕ್ಕಿಸಿಬಿಡಲೇ ಎಂದು ಬೆಲ್ಲಣ್ಣ ಕೈ ಚಾಚಿದ. ಅವರು ಆ ಕೈಯನ್ನು ಹಿಡಿದು ಸಂತೋಷದಿಂದ ಕುಲುಕಿದರು.

ಅಷ್ಟರಲ್ಲಿ ಕೆಳಗೆ ಮೇಲಿನ ಚಿಲಕ ಎಳೆದ ಸದ್ದಾಯಿತು. ಕೆಳಗಿನ ಚಿಲಕದ್ದೂ ಆಯಿತು. ಬಾಗಿಲು ತೆರೆಯಿತು.

"ಯಾರೂ ಇಲ್ಲ," ಎಂದಿತು ಅತ್ತೆಯ ದನಿ, ಸುಸ್ತಾಗಿ.

ಕುಲುಕುತ್ತಿದ್ದ ಕೈಯನ್ನು ಕಿತ್ತುಕೊಂಡು ಬೆಲ್ಲಣ್ಣ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದ. ಅವನು ಬಾಗಿಲ ಮುಂದೆ ನಿಲ್ಲುವುದಕ್ಕೂ ಎರಡೂ ಚಿಲಕ ಬೀಳುವುದಕ್ಕೂ ಸರಿಹೋಯಿತು. ಗುಂಡಿಯನ್ನು ಒತ್ತಿ ಹಿಡಿದ. ಟಿಣ್ ಟೊಣ್. ಬಾಗಿಲನ್ನೂ ತಟ್ಟಿದ.

"ನೋಡಿದ್ರಾ, ಮತ್ತೆ ಶುರುವಾಯ್ತು," ಎಂದರು ಅತ್ತೆ ಒಳಗೆ ಗೋಡೆಗಳಿಗೆ. "ಅದು ತಾನಾಗೇ ಹೊಡ್ಕೊಳ್ತಿದೆ, ಇತ್ತ ಬ್ರಷ್‌ನವನೂ ಬಿಡ್ತಿಲ್ಲ. ಇವತ್ತು ಇನ್ನು ನಾನು ಏನಕ್ಕೂ ಏಳೋದಿಲ್ಲ."

ಒಳಗಿನಿಂದ ಬಿದ್ದ ಚಿಲಕಕ್ಕೆ ಬೀಗದ ಕೈ ಇಲ್ಲ, ಅತ್ತೆಗೆ ಹೇಳಿ ತೆಗೆಸಬಲ್ಲವಳು ಹೆಂಡತಿಯೊಬ್ಬಳೇ, ಅವಳ ಪಾಳಿ ಮುಗಿಯಲು ಇನ್ನೂ ಬಹಳ ಹೊತ್ತಿತ್ತು. ಬೆಲ್ಲಣ್ಣ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಕೆಳಗಿನ ಮಹಡಿಗಳಲ್ಲಿ ಕೆಲಸದಿಂದ ಮರಳಿದವರು ಒಬ್ಬೊಬ್ಬರಾಗಿ ಗುಂಡಿ ಮುಟ್ಟಿ, ಕಾದು, ಕೊನೆಗೆ ಬಾಗಿಲು ಬಡಿಯತೊಡಗಿದ್ದರು. "ಬೆಲ್ಲಣ್ಣ ಎಲ್ಲಿದ್ದಾನೆ?" ಎಂದು ಯಾರೋ ಕೇಳಿದರು.

ಬೆನ್ನ ಹಿಂದೆ, ಬಾಗಿಲ ಆ ಕಡೆ, ಟೀವಿ ನಿಂತಿತು. ಅತ್ತೆ ಫೋನಿನಲ್ಲಿ ಒಂದೊಂದೇ ಅಂಕಿ ಒತ್ತುತ್ತಿದ್ದರು. ಗಂಟೆಯ ಡಬ್ಬಿಯ ಮೇಲೆ ಅಚ್ಚಾಗಿರುವ ದೂರಿನ ನಂಬರನ್ನು ಗಟ್ಟಿಯಾಗಿ ಓದಿಕೊಂಡೇ ಒತ್ತುತ್ತಿದ್ದರು. ಆರು ಗಂಟೆ ಯಾವಾಗಲೋ ಕಳೆದಿತ್ತು, ಕರೆ ಹೋಗುವುದು ಎಲ್ಲಿಗೆಂದು ಬೆಲ್ಲಣ್ಣನಿಗೆ ಗೊತ್ತಿತ್ತು. ಬಾಗಿಲಿಗೆ ಕಿವಿಯಿಟ್ಟು ಕೇಳಿದ.

"ಹಲೋ, ಬೆಲ್ ಕಂಪನಿಯಾ? ನಿಮ್ಮ ಬೆಲ್ಲು ಮತ್ತೆ ತಾನಾಗೇ ಹೊಡ್ಕೊಳ್ತಿದೆ. ನಮ್ಮಳಿಯ ಮಾಡಿದ್ದು ಅಂತ ಇಷ್ಟು ದಿನ ನಾನೊಬ್ಬಳು ದೂರು ಕೊಟ್ಟಿರಲಿಲ್ಲ. ನಾನು ಫೋನ್ ಮಾಡಿದ್ದು ಅಂತ ಅವರಿಗೆ ಹೇಳ್ಬೇಡಿ, ನೊಂದ್ಕೋತಾರೆ. ಪಾಪ, ಅಲ್ಲೇ ಕೂತು ಅದನ್ನೇ ಸರಿ ಮಾಡ್ತಿರಬೇಕು, ಇನ್ನೂ ಮನೆಗೇ ಬಂದಿಲ್ಲ."